ಮಂಡಕ್ಕಿ ಅಜ್ಜಿ ಕೇಳಿದ ಪ್ರಸಂಗ

ಜರ್ಮನ್ ಯುದ್ಧದ ಕಾಲದಲ್ಲಿ ನಾನು ಹೊನ್ನಾಳಿಯ ಪುಟ್ಟ ಚರ್ಚಿನಲ್ಲಿ ಉಪದೇಶಿಯಾಗಿದ್ದೆ. ವಾರವಾರವೂ ಹೊಸ ಪ್ರಸಂಗ ಮಾಡಿ, ನನ್ನ ಕಂಠಕ್ಕೆ ನಾನೇ ತಲೆದೂಗುತ್ತಿದ್ದೆ. ವೈರಿಯನ್ನು ಪ್ರೀತಿಸಬೇಕೆಂದು ನಾನು ಗುಡುಗಿದ ಮೇಲೆ ಮಂಡಕ್ಕಿ ಹುರಿಯುವ ಅಜ್ಜಿಯೊಬ್ಬಳು ಚರ್ಚಿಗೆ ಬರುವುದನ್ನೇ ಬಿಟ್ಟಳು. ಮುನಿಸಿಕೊಂಡು ಅವಳ ಭಟ್ಟಿಗೇ ಹೋಗಿ, ಯಾಕೆ ಬರುತ್ತಿಲ್ಲವೆಂದು ಕೇಳಿದೆ.

“ಆ ವಾರ ನೀವು ಹೇಳಿದ್ದೇ ಇನ್ನೂ ಮುಗಿದಿಲ್ರೀ ಅಯ್ನೋರೇ,” ಎಂದಳು, ಬಿಸಿ ಮರಳು ಕೆದಕುತ್ತ. “ಓರಗಿತ್ತಿ ಜೊತೆ ಮಾತು ಬಿಟ್ಟು ವರ್ಷಗಟ್ಟಲೆ ಆಗೈತೆ. ನೀವು ಹೇಳಿ ಮನಿಗೆ ಹೋದ್ರಿ. ಮಾಡಾಕೆ ಟೈಮ್ ಬೇಡೇನ್ರೀ?”

ಆಮೇಲೆ ಯಾವಾಗ ಕೇಳಿದರೂ “ಇನ್ನೂ ಮುಗಿದಿಲ್ರೀ” ಎನ್ನುವುದೇ. ಕಡೆಗೊಂದು ಭಾನುವಾರ ಓರಗಿತ್ತಿಯ ಕೈ ಹಿಡಿದುಕೊಂಡೇ ಬಂದು ಮುಂದೆ ಕೂತಳು.

“ಜೀವ ಹಣ್ಣಾಗಿ ಹೋತ್ರೀ. ಇವತ್ತಾರ ಸುಲಭದ್ದೊಂದು ಹೇಳ್ರಿ,” ಎಂದಳು.

ನಾನು ವೇದಪುಸ್ತಕದ ಹಾಳೆ ಮಗುಚುತ್ತಲೇ ಹೋದೆ. ಕೊನೆಗೆ ಎಲ್ಲರಿಂದ ಒಂದು ಕೀರ್ತನೆ ಹಾಡಿಸಿ ಮನೆಗೆ ಕಳಿಸಿಬಿಟ್ಟೆ.