ಮುಂಬಯಿ ಕಾಕಾ, ಬೆಂಗಳೂರು ಕಾಕಾ

ಮಧ್ಯಾಹ್ನ ಮೂರು ಗಂಟೆ. ರಾತ್ರಿಯಿಡೀ ಅತ್ತ ಕೂಸು ಆಗಷ್ಟೇ ಮಲಗಿತ್ತು, ನನಗೂ ಜೊಂಪು ಹತ್ತಿತ್ತು. ಪಡಸಾಲೆಯಲ್ಲಿ ಯಾರೋ ಧಡ್ ಎಂದು ಮೇಜು ಗುದ್ದಿದರು. ಇಬ್ಬರಿಗೂ ಎಚ್ಚರವಾಯಿತು.

ಗೆಳತಿಯರೇ, ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಸರ್ಕಾರಿ ನೌಕರಿಯಲ್ಲಿರುವ ನನ್ನ ಯಜಮಾನರು ಮುಂಬಯಿ ಕಚೇರಿಗೋ ಬೆಂಗಳೂರು ಕಚೇರಿಗೋ ಎಂದು ನಾಳೆ ಬೆಳಿಗ್ಗೆ ಹೇಳಬೇಕು. ಸಲಹೆ ಕೊಡಲು ಅವರ ಇಬ್ಬರು ಕಾಕಾಗಳು ಎರಡೂ ಊರುಗಳಿಂದ ಮೂಡಲಗಿಗೆ ಬಂದಿಳಿದಿದ್ದಾರೆ.

“ಮುಂಬಯಿ ಅಂದ್ರ ಲಕ್ಷ್ಮೀ ಮನಿ. ನಿನ್ನ ಬೆಂಗಳೂರ ಸಂಜಿ ಏಳಕ್ಕ ಮಲಗತೈತಿ!”

“ನಾವು ಮಲಗತೇವಿ. ನಿಮಗ ಕಾಲ ಚಾಚಾಕ ಜಾಗಾನ ಇಲ್ಲಲ್ಲೋ!”

ನಾನು ಕೂಸನ್ನೆತ್ತಿಕೊಂಡು ಹೊರಬಂದು, “ಕಾಕಾರ, ತೊಟ್ಟಲ ಎಲ್ಲಿ ಕಟ್ಟೂದ್ರಿ?” ಎಂದೆ.

ಮುಂಬಯಿ ಕಾಕಾ ನಕ್ಕರು. “ಒಂದ ಖೋಲ್ಯಾಗ ಹತ್ತ ಮಂದಿ ಇರತೇವಿ, ತೊಟ್ಟಲ ಎಲ್ಲಿಂದ ಬಂತವಾ?”

ಬೆಂಗಳೂರು ಕಾಕಾ, “ನಮ್ಮಲ್ಲಿ ಕೂಸ ಅತ್ರ ಮಾಲಕ ಮನಿ ಖಾಲಿ ಮಾಡ ಅಂತಾನ” ಎಂದರು.

ಆಮೇಲೆ ಜನ್ಮದಲ್ಲಿ ಮೊದಲ ಸಲ ಇಬ್ಬರೂ ಒಂದಾದರು. “ಕೂಸಿನ್ನ ನಿಮ್ಮತ್ತಿ ಕಡೆ ಬಿಟ್ಟ ನೀವಿಬ್ಬರೂ ಹೋಗ್ರಿ!”

ಎಂಥ ಅಭಿವೃದ್ಧಿಯ ಊರುಗಳು ನೋಡಿ! ಯಾರು ಬೇಕಾದರೂ ಬೆಳೆಯಬಹುದು, ಎಂಟು ತಿಂಗಳ ಕೂಸೊಂದನ್ನು ಬಿಟ್ಟು. ಯಜಮಾನರಂತೂ, “ವಿಚಾರ ಮಾಡೂ ಮಾತೈತಿ” ಎಂದು ತಲೆಯಾಡಿಸಿದರು.

ಆ ಊರುಗಳಲ್ಲಿರುವವರೇ, ಕೈಮುಗಿಯುತ್ತೇನೆ, ಬೆಳಗಾಗುವುದರೊಳಗೆ ಪಕ್ಕದ ಡಾಕ್ಟರ ಮನೆಗೆ ಫೋನ್ ಮಾಡಿ. ನನ್ನ ಯಜಮಾನರನ್ನು ಕರೆಸಿ, “ನಾವು ಕೂಸನ್ನು ಇಲ್ಲೇ ಬೆಳೆಸಿದ್ದೇವೆ” ಎನ್ನಿ. ಯಾವ ಊರಾದರೂ ಆದೀತು. ಸುಳ್ಳಾದರೂ ಪರವಾಗಿಲ್ಲ, ಇಲ್ಲಿ ಇಬ್ಬರು ಹಿರಿಯರು ಖರೆ ಹೇಳಿದ್ದಕ್ಕೇ ಇಷ್ಟೆಲ್ಲ ಆಗಿದೆ.