ಹನೂರಿನ ಅರ್ಜಿಗೆ ಯಳಂದೂರಲ್ಲಿ ಮೊಹರು

ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ, ಅಂದರೆ ಅರವತ್ತೊಂಬತ್ತರಲ್ಲಿ, ನಮ್ಮ ಹನೂರಿಗೆ ಒಬ್ಬರು ಉಪಮಂತ್ರಿಗಳು ಬಂದಿದ್ದರು. ಸರ್ಕಾರದ ಕೆಲಸಗಳೆಲ್ಲ ಇನ್ನು ಹೋಬಳಿಯಲ್ಲೇ ಆಗುತ್ತವೆ, ಜನ ಕೊಳ್ಳೇಗಾಲಕ್ಕೆ ಅಲೆಯಬೇಕಾಗಿಲ್ಲ, ಅದರ ಬಗ್ಗೆ ಯಾರು ಏನು ಬೇಕಾದರೂ ಕೇಳಬಹುದು ಅಂತ ತಮಟೆ ಹೊಡೆಸಿದ್ದರು. ಆ ಎರಡು ದಿನ ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತೆ.

ನನಗೆ ಬೇಕಾಗಿದ್ದದ್ದು ಒಂದೇ ಒಂದು ಕಾಗದ. ಮೈಸೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಬೇಕಿತ್ತು. ನಾನು ಹುಟ್ಟಿದಾಗ ನಮ್ಮ ತಾಲ್ಲೂಕು ಮದರಾಸಿಗೆ ಸೇರಿತ್ತು, ಕೊಯಮತ್ತೂರು ಜಿಲ್ಲೆ. ನನ್ನ ಜನನ ಪತ್ರ ತಮಿಳಿನಲ್ಲಿತ್ತು. ಹಾಗಾಗಿ ಈ ಹುಡುಗಿ ಮೈಸೂರು ರಾಜ್ಯದವಳೇ ಅಂತ ತಹಶೀಲ್ದಾರರು ಬರೆದುಕೊಡಬೇಕಿತ್ತು. ಹುಟ್ಟಿದಾಗಿನಿಂದ ಹನೂರು ಬಿಟ್ಟು ಕದಲದವಳು ನಾನು. ಅದೇ ವಾರದ ಶನಿವಾರ ಮಧ್ಯಾಹ್ನದೊಳಗೆ ಅರ್ಜಿ ಮೈಸೂರು ಮುಟ್ಟದಿದ್ದರೆ ಆ ವರ್ಷ ಹೋದ ಹಾಗೆ. ವರ್ಷ ಹೋದರೆ ಓದು ಸಾಕು, ಮದುವೆ ಅಂತ ಅವ್ವ ಆಗಲೇ ಹೇಳಿಬಿಟ್ಟಿದ್ದಳು. ಗಂಡೂ ಗೊತ್ತು ಮಾಡಿಟ್ಟಿದ್ದಳು.

ಹನೂರಿನಲ್ಲಿ ಆಗ ಹೊಸದಾಗಿ ಒಂದು ಕ್ಯಾಂಪ್ ಆಫೀಸು ತೆರೆದಿದ್ದರು. ಗುರುವಾರ ಗುರುವಾರ ತಹಶೀಲ್ದಾರರು ಬಂದು ಕೂತು ಸಹಿ ಹಾಕುತ್ತಿದ್ದರು. ಆದರೆ ಮೊಹರು ಮಾತ್ರ ಕೊಳ್ಳೇಗಾಲದ ಬೀರುವಿನಲ್ಲೇ. ಮೊಹರು ಆಫೀಸಿನ ಹೊಸ್ತಿಲು ದಾಟಬಾರದು ಅಂತ ಅವರ ಕಾನೂನಂತೆ. ಮಂತ್ರಿಗಳು ಬರುವುದಕ್ಕೆ ಹಿಂದಿನ ಗುರುವಾರವೇ ನನ್ನ ಕಾಗದಕ್ಕೆ ಸಹಿ ಬಿದ್ದಿತ್ತು. ಮೊಹರು ಹಾಕಿಸಲು ಅಪ್ಪ ಸೋಮವಾರ ಕೊಳ್ಳೇಗಾಲಕ್ಕೆ ಹೋದರೆ ಬೀರುವಿನ ಕೀಲಿ ಇಟ್ಟುಕೊಂಡ ಹೆಡ್ ಕ್ಲಾರ್ಕು ರಜ. ಬುಧವಾರ ಮತ್ತೆ ಹೋದರೆ ಅದೇ ಹೆಡ್ ಕ್ಲಾರ್ಕು ಕಾಗದ ತಿರುಗಿಸಿ ನೋಡಿ, ಹನೂರಿನ ಅರ್ಜಿಗಳೆಲ್ಲ ಈಗ ಹನೂರಿನಲ್ಲೇ, ಇಲ್ಲಿ ತಗೊಳ್ಳೋ ಹಾಗಿಲ್ಲ ಅಂದನಂತೆ. ಅಪ್ಪ ಮನೆಗೆ ಬಂದು ಟವೆಲ್ ಕೊಡವಿ, ನಾಳೆ ಮಂತ್ರಿಗಳನ್ನೇ ಕೇಳು ಅಂದರು.

ಕೇಳುವುದಾದರೂ ಹೇಗೆ? ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದು ಪಂಚಾಯಿತಿ ಚೇರ್ಮನ್ನರಿಗೆ ಕೊಡಬೇಕಿತ್ತು. ಆ ಚೀಟಿ ಬರೆದವಳೂ ನಾನೇ. ನನ್ನ ಅಕ್ಷರ ದುಂಡಗಿದೆ ಅಂತ ಚೇರ್ಮನ್ನರು ಹಿಂದಿನ ದಿನವೇ ಕರೆಸಿ, ತಾವೇ ಹೇಳುತ್ತಾ ಹತ್ತು ಪ್ರಶ್ನೆ ಬರೆಸಿದ್ದರು. ಇಂಥ ಒಳ್ಳೆಯ ಯೋಜನೆ ತಮಗೆ ಹೇಗೆ ಹೊಳೆಯಿತು, ಇದನ್ನು ಬೇರೆ ತಾಲ್ಲೂಕಿಗೂ ಯಾವಾಗ ಕೊಡುತ್ತೀರಿ, ಬರೀ ಇಂಥವು. ಕೇಳಿದವರ ಜಾಗದಲ್ಲಿ ಊರಿನವರ ಹೆಸರು. ಗುರುವಾರ ಬೆಳಿಗ್ಗೆ ಆ ಚೀಟಿಗಳನ್ನು ಕೊಡಲು ಹೋದಾಗ ನನ್ನ ಕಾಗದದ ಕೆಲಸ ಯಾವಾಗ ಆಗುತ್ತೆ ಅಂತ ನನ್ನದೇ ಹನ್ನೊಂದನೆಯ ಚೀಟಿಯೊಂದನ್ನು ನಡುವೆ ತೂರಿಸಿಬಿಟ್ಟೆ.

ಸಭೆಯಲ್ಲಿ ಮಂತ್ರಿಗಳು ಅದನ್ನೂ ಓದಿದರು. ಪಾಪ, ಅವರಿಗೇನು ಗೊತ್ತು. ಬರೆದವರು ಯಾರು ಅಂದಾಗ ಎದ್ದು ನಿಂತೆ. ಚೇರ್ಮನ್ನರು ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದರು.

“ಏನಮ್ಮ ತೊಂದರೆ? ಆಫೀಸು ನಿಮ್ಮೂರಲ್ಲೇ ಇದೆಯಲ್ಲ?”

“ಆಫೀಸು ಇಲ್ಲೇ ಅದೆ ಸಾ, ಮೊಹರು ಕೊಳ್ಳೇಗಾಲದಲ್ಲಿ ಅದೆ,” ಅಂದೆ.

ಜನ ಗೊಳ್ಳೆಂದರು. ಮಂತ್ರಿಗಳು ತಹಶೀಲ್ದಾರರ ಕಡೆ ತಿರುಗಿ ಏನೋ ಗದರಿದರು. ಆಮೇಲೆ ಮೈಕಿನಲ್ಲಿ, “ನಾಳೆ ಬೆಳಿಗ್ಗೆ ಕೊಳ್ಳೇಗಾಲಕ್ಕೆ ಬಾಮ್ಮ, ನಾನು ಹೇಳಿರ್ತೀನಿ” ಅಂದು ಮುಂದಿನ ಚೀಟಿ ತೆಗೆದುಕೊಂಡರು. ಕೊಳ್ಳೇಗಾಲಕ್ಕೆ ಅಲೆಯಬೇಡಿ ಅಂತ ಹೇಳಲು ಬಂದವರು ಅವರು!

ಶುಕ್ರವಾರ ಮೊದಲ ಬಸ್ಸಿಗೆ ನಾನೂ ಅಪ್ಪನೂ ಹೋದೆವು. ಆಫೀಸಿನಲ್ಲಿ ಒಬ್ಬ ಜವಾನನನ್ನು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಮಂತ್ರಿಗಳು ಇವತ್ತು ಯಳಂದೂರಲ್ಲಿ ಇದೇ ಸಭೆ ಮಾಡುತ್ತಾರೆ, ಅಲ್ಲೂ ಜನ ಮೊಹರು ಗಿಹರು ಅಂತ ಕೇಳಿಬಿಟ್ಟರೆ ಉತ್ತರ ಕೊಡಲು ನಮ್ಮ ಸಾಹೇಬರನ್ನೂ ಕರೆದುಕೊಂಡು ಹೋಗಿದ್ದಾರೆ ಅಂದ.

“ಮೊಹರು?” ಅಂದರು ಅಪ್ಪ.

“ಅದೂ ಓಯ್ತು. ನೆನ್ನೆ ಬೈಸ್ಕಂಡ್ರಲ್ಲ, ಅದ್ಕೇ ಇವತ್ತು ಜತ್ಗೇ ತಕಂಡೋದ್ರು.”

ಅಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟರು. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಯಳಂದೂರಿನ ಬಸ್ಸಿಗೆ ಅವರನ್ನು ಎಬ್ಬಿಸಿಕೊಂಡು ಹೋದವಳು ನಾನೇ.

ಯಳಂದೂರಲ್ಲಿ ಚಪ್ಪರದ ಹಿಂದೆ ಜೀಪು ನಿಂತಿತ್ತು. ಅದರಲ್ಲಿ ಹೆಡ್ ಕ್ಲಾರ್ಕು ಮೊಹರಿನ ಗಂಟನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದ. ಕಾಗದ ನೋಡಿ, ಹನೂರಿನದಕ್ಕೆ ಯಳಂದೂರಲ್ಲಿ ಹೇಗೆ ಹಾಕೋದು, ಇದು ಬೇರೆ ತಾಲ್ಲೂಕು, ಸೋಮವಾರ ಬನ್ನಿ ಅಂದ. ನಮ್ಮಪ್ಪ ಆಫೀಸಿನವರ ಮುಂದೆ ಯಾವತ್ತೂ ದನಿ ಎತ್ತಿದವರಲ್ಲ. ಅವತ್ತೂ ಎತ್ತಲಿಲ್ಲ. ಜೀಪಿನ ಮುಂದೆ ಹೋಗಿ, ಟವೆಲ್ ಹಾಸಿಕೊಂಡು ಕೂತರು.

“ಇದ್ಕೆ ಮೊಹರು ಬೀಳೋಗಂಟ ಜೀಪು ಮುಂದ್ಕೋಗಲ್ಲ ಸಾ. ಮಂತ್ರಿಗಳು ಬರ್ಲಿ, ಅವ್ರ್ಗೇ ಯೋಳ್ತೀನಿ,” ಅಂದರು.

ಕ್ಲಾರ್ಕು ಗೊಣಗುತ್ತಲೇ ಇಳಿದ. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಮೊಹರು ಒತ್ತಿದ. ಒಂದು ಕ್ಷಣದ ಕೆಲಸ. ಇಷ್ಟಕ್ಕೆ ಒಂಬತ್ತು ದಿನ ಅಲೆಸಿದ್ದರು.

ಅಪ್ಪ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಗೆ ಆರಿಸುತ್ತಿದ್ದರು. ಅಷ್ಟರಲ್ಲಿ ಚಪ್ಪರದೊಳಗಿಂದ ಮಂತ್ರಿಗಳ ದನಿ ಕೇಳಿಸಿತು. ನಿನ್ನೆ ಹನೂರಿನಲ್ಲಿ ಒಬ್ಬಳು ಹೆಣ್ಣುಮಗಳು ಎದ್ದು ನಿಂತು ಮೊಹರು ಎಲ್ಲಿ ಅಂತ ಕೇಳಿದಳು, ಅವಳ ಕೆಲಸ ಅಲ್ಲೇ, ಅವಳ ಊರಿನಲ್ಲೇ, ನಿಂತ ಹೆಜ್ಜೆಯಲ್ಲಿ ಮಾಡಿಸಿಕೊಟ್ಟೆ ಅಂತ ಹೇಳುತ್ತಿದ್ದರು. ನಾನು ಒಳಗೆ ನುಗ್ಗಲು ಹೊರಟೆ. ಅಪ್ಪ ಅಡ್ಡ ಬಂದು, “ಬ್ಯಾಡ ಕಣವ್ವ, ಮಸಿ ಇನ್ನೂ ಆರಿಲ್ಲ” ಅಂದರು. ಒಳಗೆ ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಅಲ್ಲಿಂದಲೇ ಮೈಸೂರಿನ ಬಸ್ಸು ಹತ್ತಿದೆವು. ಟ್ರೈನಿಂಗಿಗೆ ಸೀಟು ಸಿಕ್ಕಿತು. ಮೂವತ್ತೈದು ವರ್ಷ ಮೇಷ್ಟರಗಿತ್ತಿಯಾಗಿದ್ದೆ. ಹೆಡ್ ಮಿಸ್ ಆದಮೇಲೆ ಶಾಲೆಯ ಮೊಹರನ್ನು ಚೀಲದಲ್ಲೇ ಇಟ್ಟುಕೊಂಡು, ಕೇಳಿದವರಿಗೆ ಬಸ್‌ಸ್ಟ್ಯಾಂಡಿನಲ್ಲೂ ಒತ್ತಿಕೊಟ್ಟಿದ್ದೇನೆ. ಕಾನೂನು ಕೇಳಿದವರ ಜೊತೆ ಜಗಳವನ್ನೂ ಆಡಿದ್ದೇನೆ.

ಮಂತ್ರಿಗಳ ಮೇಲಿನ ಸಿಟ್ಟು ಯಾವಾಗಲೋ ಆರಿಹೋಯಿತು. ಆರದ್ದು ಇನ್ನೊಂದಿದೆ. ಅವತ್ತು ಚಪ್ಪರದ ಹಿಂದೆ, ಒಳಗಿನವರು ಚಪ್ಪಾಳೆ ತಟ್ಟಿದಾಗ, ನನ್ನ ಕೈ ಖಾಲಿಯಿತ್ತು. ಗೊತ್ತಿಲ್ಲದ ಹಾಗೆ ನಾನೂ ತಟ್ಟಿಬಿಟ್ಟೆ.