ಗಡಿ ದಾಟಿದ ಗಾಳ

ಅವರ್ಸಾದ ರಾಮನಾಥ ಹರಿಕಂತ್ರ ಬೋಟು ಹತ್ತುವ ಮೊದಲು ಸಮುದ್ರದ ನೀರನ್ನು ಕಣ್ಣಿಗೊತ್ತಿಕೊಳ್ಳದ ದಿನವಿಲ್ಲ. ದುಬೈಯಲ್ಲಿ ಮೋಜಿಗೆ ಮೀನು ಹಿಡಿಯುವವರ ಬೋಟು ನಡೆಸುವಾಗಲೂ ಅದನ್ನು ಬಿಟ್ಟಿರಲಿಲ್ಲ. ೨೦೦೫ರಲ್ಲಿ ಒಂದು ದಿನ ಬೋಟಿನ ಮಾಲಕ ಸೇಠನ ಗಾಳಕ್ಕೆ ಬಿದ್ದ ದೊಡ್ಡ ಮೀನು ಬೋಟನ್ನು ಇರಾನಿನ ಕಡೆಗೆ ಎಳೆಯತೊಡಗಿತು. ಮುಂದೆ ಗಡಿಯಿದೆ, ದಾರ ಕತ್ತರಿಸೋಣ ಎಂದು ರಾಮನಾಥ ಅಂಗಲಾಚಿದ. ನಡೆಸು ಎಂದು ಸೇಠ ಗದರಿದ. ಗಡಿ ದಾಟಿದ ಬೋಟನ್ನು ಇರಾನಿನ ಕಾವಲಿನವರು ಹಿಡಿದಾಗ ಅದೇ ಸೇಠ, ಇವನಿಗೆ ಗಡಿಯೇ ತಿಳಿಯದು ಎಂದು ದೇವರಾಣೆ ಹಾಕಿ ಪಾರಾದ. ಊರಲ್ಲಿ ಮಳೆಗಾಲ ಮುಗಿಯುವವರೆಗೂ ಅಲ್ಲಿನ ಜೈಲಿನಲ್ಲಿ ಕೊಳೆತವನು ರಾಮನಾಥ.

ಅವನು ಊರಿಗೆ ಮರಳಿದ ಮೇಲೆ ಅಂಕೋಲೆಯ ಏಜೆಂಟ್ ಭರತ ಮನೆಗೆ ಬಂದ.

"ರಾಮನಾಥಣ್ಣ, ನಿನ್ನ ಸೇಠ ಫುಕಟ್ ವೀಸಾ ಕಳಿಸಿದಾನೆ, ದುಡ್ಡೇ ಬ್ಯಾಡ. ಅದೇ ಬೋಟು."

"ಗಡಿ ಗೊತ್ತಿಲ್ದವ್ನಿಗೆ ಬೋಟು ಕೊಡ್ತನಾ? ತಪ್ಪು ತನ್ದೇ ಅಂತ ಹೇಳಿದ್ನಾ?"

"ಅದೆಲ್ಲ ಈಗ ಎಂತಕ್ಕೆ ಮಾರಾಯಾ?"

"ಹಂಗಾದ್ರೆ ವೀಸಾನೂ ಬ್ಯಾಡ. ತಕಂಡ್ ಹೋಗು."